ಮುಟ್ಟಬೇಡ, ಬಣ್ಣ ಇನ್ನೂ ಹಸಿ!

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮೇಣಪ್ಪನಿಗೆ ಇವೆರಡರಲ್ಲಿ ಯಾವುದೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಸೇಬು ಮಾಡುವುದು. ಬೆಳೆಯುವುದಲ್ಲ, ಮಾರುವುದೂ ಅಲ್ಲ, ಮಾಡುವುದು. ಮೇಣ ಕರಗಿಸಿ ಅಚ್ಚಿಗೆ ಹೊಯ್ದು, ತೂಕಕ್ಕೆಂದು ಹೊಟ್ಟೆಯೊಳಗೆ ಒಂದಿಷ್ಟು ಮರಳು ತುಂಬಿ, ನೆತ್ತಿಗೊಂದು ತೊಟ್ಟು ಚುಚ್ಚಿ, ಬಣ್ಣ ಬಳಿದು ಹೊಳಪು ಕೊಟ್ಟನೆಂದರೆ ಮರವೇ ಬಂದು ‘ಇದು ನನ್ನ ಮಗು’ ಎಂದು ಎತ್ತಿಕೊಳ್ಳಬೇಕು, ಹಾಗಿರುತ್ತಿತ್ತು. ಪೀಠೋಪಕರಣದ ಅಂಗಡಿಯವರು, ಫೋಟೋ ಸ್ಟುಡಿಯೋದವರು, ಗಾಜಿನ ಕಪಾಟಿಟ್ಟುಕೊಂಡ ಹೋಟೆಲಿನವರು, ಎಲ್ಲರೂ ಅವನ ಗಿರಾಕಿಗಳೇ. ಒಮ್ಮೆ ಅವನ ದ್ರಾಕ್ಷಿಗೊಂಚಲಿನ ಮೇಲೆ ನೊಣವೊಂದು ಬಂದು ಕೂತು, ಸ್ವಲ್ಪ ಹೊತ್ತು ಯೋಚಿಸಿ, ಅವಮಾನವಾದಂತೆ ಎದ್ದು ಹೋಗಿತ್ತು. ಆ ನೊಣದ ಕಥೆಯನ್ನು ಅವನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದ. ಸಿಗದವರಿಗೆ ಅವರವರ ಮನೆಗೇ ಹೋಗಿ ಹೇಳಿ ಬಂದಿದ್ದ.

ಕಾರ್ಖಾನೆ ಎಂದರೆ ಮನೆಯ ಹಿಂಬದಿಯ ಕೋಣೆ. ಅಲ್ಲಿ ಗಾಳಿಯಾಡುತ್ತಿರಲಿಲ್ಲ. ಹಾಗಾಗಿ ಬಣ್ಣ ಬಳಿದ ಹಣ್ಣುಗಳೆಲ್ಲ ಒಣಗುತ್ತಿದ್ದದ್ದು ನಡುಮನೆಯಲ್ಲಿ, ಕಿಟಕಿಯ ಪಕ್ಕದ ಊಟದ ಮೇಜಿನ ಮೇಲೆ. ಮಗಳು ಪುಟ್ಟಿ ಅಂಬೆಗಾಲಿಡುತ್ತಿದ್ದ ಕಾಲದಿಂದಲೂ ಆ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿದ್ದದ್ದನ್ನು ಕಂಡವರಿಲ್ಲ. ಮನೆಯವರು ತಮ್ಮ ತಮ್ಮ ದಾರಿ ನೋಡಿಕೊಂಡಿದ್ದರು. ಹೆಂಡತಿ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುವವಳು, ಬೆಳಿಗ್ಗೆ ಒಲೆಯ ಪಕ್ಕ ನಿಂತೇ ಎರಡು ಬ್ರೆಡ್ಡು ನುಂಗಿ ಓಡುತ್ತಿದ್ದಳು. ಮೇಣಪ್ಪನ ತಾಯಿ ತನ್ನ ಕೋಣೆಯಲ್ಲಿ ಟಿ.ವಿ. ಧಾರಾವಾಹಿಯವರ ಜೊತೆ ಊಟ ಮಾಡುತ್ತಿದ್ದಳು, ದಿಂಬಿನಡಿಯಲ್ಲಿ ಬಿಸ್ಕತ್ತಿನ ಪೊಟ್ಟಣ. ಮೇಣಪ್ಪ ಒಂದು ಕೈಯಲ್ಲಿ ಕುಂಚ ಹಿಡಿದು ಇನ್ನೊಂದರಲ್ಲಿ ಬನ್ನು ತಿನ್ನುತ್ತಿದ್ದ, ಕೆಲವೊಮ್ಮೆ ಕೈ ತಪ್ಪಿ ಕುಂಚಕ್ಕೂ ಬಾಯಿ ಹಾಕುತ್ತಿದ್ದ. ಇನ್ನು ಪುಟ್ಟಿ. ಅವಳು ಮಹಡಿ ಮೆಟ್ಟಿಲ ಮೇಲೆ ಮೊಬೈಲ್ ನೋಡುತ್ತಾ ಒಂದು ಚಿಪ್ಸ್ ಪೊಟ್ಟಣದಲ್ಲಿ ದಿನ ದೂಡುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ಈ ಮನೆಯಲ್ಲಿ ಮಲ್ಲಿಗೆಯ ಬದಲು ಮೇಜಿನ ತುಂಬ ಹಣ್ಣು.

ಆ ಮನೆಯಲ್ಲಿದ್ದದ್ದು ಒಂದೇ ಕಾನೂನು. ಯಾರು ಮೇಜಿನ ಕಡೆ ಕೈ ಚಾಚಿದರೂ ಹಿಂದಿನ ಕೋಣೆಯಿಂದ ಗುಡುಗು ಬರುತ್ತಿತ್ತು: “ಮುಟ್ಟಬೇಡ! ಬಣ್ಣ ಇನ್ನೂ ಹಸಿ!”

ಹೀಗೆ ಎಲ್ಲವೂ ಸುಸೂತ್ರವಾಗಿ ಕೆಟ್ಟು ನಡೆಯುತ್ತಿರುವಾಗ ಒಂದು ದಿನ ಶಾಲೆಯಿಂದ ಫೋನ್ ಬಂತು. ಪುಟ್ಟಿ ಮೈದಾನದಲ್ಲಿ ಓಡುತ್ತಾ ಓಡುತ್ತಾ ತಲೆ ಸುತ್ತಿ ಕೂತುಬಿಟ್ಟಿದ್ದಾಳಂತೆ. ಮೇಣಪ್ಪ ಕೈಯಲ್ಲಿದ್ದ ಕೆಂಪು ಬಣ್ಣವನ್ನೂ ತೊಳೆಯದೆ ಓಡಿದ. ದಾರಿಯಲ್ಲಿ ಅವನ ಕೈ ನೋಡಿದ ಇಬ್ಬರು ಪಕ್ಕಕ್ಕೆ ಸರಿದು ನಿಂತರು.

ಆಟದ ಸಾಮಾನಿನ ಕೋಣೆಯಲ್ಲಿ ಪುಟ್ಟಿ ಬೆಂಚಿನ ಮೇಲೆ ಕೂತು ಸಕ್ಕರೆ ನೀರು ಕುಡಿಯುತ್ತಿದ್ದಳು. ಕೊರಳಿಗೆ ಸೀಟಿ ನೇತುಹಾಕಿಕೊಂಡ ಪಿ.ಟಿ. ಮೇಷ್ಟ್ರು ಅತ್ತಿಂದಿತ್ತ ಶತಪಥ ಹಾಕುತ್ತಿದ್ದರು. ಕುರ್ಚಿಯಲ್ಲಿ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಅವರು ಆಹಾರ ಇಲಾಖೆಯ ಅಧಿಕಾರಿಣಿ. ಹದಿಹರೆಯದ ಮಕ್ಕಳು ಏನು ತಿನ್ನುತ್ತಾರೆ, ಯಾಕೆ ತಿನ್ನುತ್ತಾರೆ, ತಿನ್ನದಿದ್ದರೆ ಯಾಕೆ ತಿನ್ನುವುದಿಲ್ಲ ಎಂದು ಶಾಲೆ ಶಾಲೆಗೆ ಹೋಗಿ ವಿಚಾರಿಸುವುದೇ ಅವರ ಕೆಲಸ.

“ಏನು ಸ್ವಾಮಿ, ಮಗಳು ಬೆಳಿಗ್ಗೆ ಏನೂ ತಿಂದಿಲ್ಲ ಅಂತಾಳೆ!” ಮೇಷ್ಟ್ರು ಕವಾಯತಿನ ದನಿಯಲ್ಲಿ ಗದರಿದರು. “ಮುಂದಿನ ವಾರ ರಿಲೇ ಓಟ. ಕೊನೇ ಸುತ್ತು ಇವಳದ್ದು. ಹೀಗಿದ್ರೆ ಕೋಲೂ ಇವಳೂ ಒಟ್ಟಿಗೆ ನೆಲಕ್ಕೆ ಬೀಳ್ತಾರೆ. ಖಾಲಿ ಹೊಟ್ಟೆ ಮಗೂನ ನಾನು ಓಡಿಸಲ್ಲ. ಬೇರೆಯವರನ್ನ ಹಾಕ್ತೀನಿ, ಅಷ್ಟೇ!”

ಪುಟ್ಟಿಯ ಕಣ್ಣು ತುಂಬಿ ಬಂತು. ಆ ಹುಡುಗಿಗೆ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ, ಆ ಕೊನೆಯ ಸುತ್ತು. ಅದಕ್ಕಾಗಿ ಅವಳು ವರ್ಷವಿಡೀ ಮೈದಾನ ಸುತ್ತಿದ್ದಳು, ಮಳೆ ಬಿಸಿಲು ನೋಡಿರಲಿಲ್ಲ. ಆ ಕ್ಷಣ ಮೇಣಪ್ಪ, ‘ತಪ್ಪಾಯ್ತು ಮೇಷ್ಟ್ರೇ, ನಾಳೆಯಿಂದ ತಿನ್ನಿಸಿ ಕಳಿಸ್ತೀವಿ’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿದು ನಾವೆಲ್ಲ ಮನೆಗೆ ಹೋಗಬಹುದಿತ್ತು. ಹಾಗೆ ಹೇಳಲು ಬಾಯಿ ತೆರೆದೂ ಇದ್ದ. ಆದರೆ ಅಷ್ಟರಲ್ಲಿ ಅಧಿಕಾರಿಣಿ ನಿಟ್ಟುಸಿರುಬಿಟ್ಟು, “ಪಾಪ, ಮನೇಲಿ ಒಂದು ಹಣ್ಣೂ ತಂದಿಡಲ್ಲ ಅಂತ ಕಾಣುತ್ತೆ” ಎಂದುಬಿಟ್ಟರು.

ಹಣ್ಣಿಲ್ಲವೇ? ಮೇಣಪ್ಪನ ಮನೆಯಲ್ಲಿ? ಮೀನಿಗೆ ಈಜು ಬರುವುದಿಲ್ಲ ಎಂದಂತಾಯಿತು ಅವನಿಗೆ. ಜೇಬಿನಿಂದ ಮೊಬೈಲ್ ತೆಗೆದು, ಗಿರಾಕಿಗಳಿಗೆ ತೋರಿಸಲೆಂದು ಹಿಂದಿನ ದಿನವಷ್ಟೇ ತೆಗೆದಿದ್ದ ಫೋಟೋವನ್ನು ಅವರ ಮೂಗಿಗೆ ಹಿಡಿದ.

“ನೋಡಿ ಮೇಡಂ. ಇದು ನಮ್ಮನೆ ಊಟದ ಮೇಜು.”

ಅಧಿಕಾರಿಣಿ ಕನ್ನಡಕ ಒರೆಸಿಕೊಂಡು ನೋಡಿದರು. ಗುಡ್ಡೆ ಹಾಕಿದ ಸೇಬು, ಕಿತ್ತಳೆ, ಬಾಳೆಹಣ್ಣು, ದ್ರಾಕ್ಷಿ, ನಡುವೆ ಸೀಳಿ ಇಟ್ಟ ಕಲ್ಲಂಗಡಿ.

“ಇಷ್ಟೊಂದಾ! ದಿನಾನೂ ಹೀಗೇನಾ?”

“ದಿನಾನೂ. ಮೇಜು ಖಾಲಿ ಇದ್ದದ್ದೇ ಇಲ್ಲ.”

“ಕೆಟ್ಟು ಹೋಗಲ್ವಾ?”

“ನಮ್ಮನೆ ಹಣ್ಣು ಕೆಟ್ಟ ಚರಿತ್ರೆಯೇ ಇಲ್ಲ ಮೇಡಂ.”

“ಅಂದ್ರೆ ಕೆಡೋಕೆ ಮುಂಚೆನೇ ಖಾಲಿಯಾಗುತ್ತೆ!”

“ಖಾಲಿಯಾಗುತ್ತೆ, ಮತ್ತೆ ತುಂಬುತ್ತೆ.”

ಗಮನಿಸಬೇಕು, ಮೇಣಪ್ಪ ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳುವವರು ತಾವೇ ತಿಳಿದುಕೊಳ್ಳಬೇಕಿತ್ತು. ಅಧಿಕಾರಿಣಿಯವರಂತೂ ಹಾಲೇ ಕುಡಿದಷ್ಟು ಸಂತೋಷಪಟ್ಟರು.

“ಮೇಷ್ಟ್ರೇ, ಇದನ್ನೇ ನಾನು ಊರೂರಿಗೆ ಹೇಳ್ಕೊಂಡು ಬರ್ತಿರೋದು! ಹಣ್ಣು ಮಕ್ಕಳ ಕಣ್ಣಿಗೆ ಬೀಳ್ತಾ ಇರಬೇಕು. ಮನೆಮಂದಿ ಒಟ್ಟಿಗೆ ಕೂತು ತಿನ್ನಬೇಕು. ಅಪ್ಪ ಅಮ್ಮ ತಾವು ಮೊದಲು ತಿಂದು ತೋರಿಸಬೇಕು. ಇಂಥ ಮನೆ ಹುಡುಗಿ ಹಸಿದು ಬೀಳೋದುಂಟಾ? ಬಿಸಿಲಿಗೆ ಹಾಗಾಗಿರಬೇಕು. ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಿಗೆ ನಾವಿಬ್ಬರೂ ಇವರ ಮನೆಗೆ ಹೋಗೋಣ. ಕಣ್ಣಾರೆ ನೋಡಿದ ಮೇಲೆ ಇವಳು ಓಡಲಿ.”

“ನೋಡಿದ ಮೇಲೆ,” ಎಂದು ಮೇಷ್ಟ್ರು ಸೀಟಿಯನ್ನು ಬೆರಳಲ್ಲಿ ತಿರುಗಿಸಿದರು.

ಮನೆಗೆ ಬರುವಾಗ ಪುಟ್ಟಿ ಅಪ್ಪನ ಕೆಂಪು ಕೈಯನ್ನೇ ನೋಡುತ್ತಾ ನಡೆದಳು. ಆಮೇಲೆ ಹೇಳಿದಳು:

“ಅಪ್ಪಾ, ಅವು ಮೇಣ.”

“ಗೊತ್ತು ಕಣೇ. ನಾನೇ ಮಾಡಿದ್ದು.”

“ಮತ್ತೆ?”

“ಫೋಟೋ ಚೆನ್ನಾಗಿ ಬಂದಿತ್ತಲ್ವಾ?”

ಸಂಜೆ ಮನೆಯಲ್ಲಿ ಪಂಚಾಯಿತಿ ಸೇರಿತು. ದಿನವಿಡೀ ಕೌಂಟರಿನ ತೂತಿನಲ್ಲಿ ಮಾತಾಡಿ ಮಾತಾಡಿ ಹೆಂಡತಿಗೆ ಮಾತನ್ನು ಟಿಕೆಟ್ಟಿನ ಹಾಗೆ ಹರಿದು ಕೊಡುವ ಅಭ್ಯಾಸವಾಗಿತ್ತು.

“ಮೇಜು ಖಾಲಿ ಮಾಡಿ. ನಿಜವಾದ ಹಣ್ಣು ತನ್ನಿ. ಮುಗೀತು. ಮುಂದೆ?”

“ಹಾಗಲ್ವೇ. ಫೋಟೋದಲ್ಲಿ ಅಷ್ಟೊಂದು ನೋಡಿದಾರೆ. ಬಂದು ನೋಡಿದಾಗ ನಾಲ್ಕು ಬಾಳೆಹಣ್ಣು ಇದ್ರೆ ಏನಂದುಕೊಳ್ಳಲ್ಲ?”

“ಅದಕ್ಕೆ?”

“ಮೇಲೆ ನಿಜದ್ದು, ಕೆಳಗೆ ನಂದು. ತಿನ್ನೋರು ಮೇಲಿಂದ ತಾನೇ ತಿನ್ನೋದು?”

ಹೆಂಡತಿ ಅವನನ್ನು, ಹೋಗಿಬಿಟ್ಟ ಬಸ್ಸಿಗೆ ಟಿಕೆಟ್ ಕೇಳುವ ಪ್ರಯಾಣಿಕನನ್ನು ನೋಡುವಂತೆ ನೋಡಿದಳು.

“ಅಷ್ಟೆಲ್ಲ ಯಾಕಪ್ಪಾ?” ತಾಯಿ ಕೋಣೆಯಿಂದಲೇ ಕೂಗಿದಳು. “ಆಯಮ್ಮನಿಗೂ ಎರಡು ಬಿಸ್ಕತ್ತು ಕೊಟ್ಟು ಕಳಿಸಿದ್ರಾಯ್ತು.”

ಶನಿವಾರ ಮೇಣಪ್ಪ ಬೀದಿಯ ಕೊನೆಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದ ಹಣ್ಣಿನಕ್ಕನ ಬಳಿ ಹೋದ. ಆಕೆ ಹೊಸದಾಗಿ ಆ ಮೂಲೆಗೆ ಬಂದವಳು, ಇವನ ಕಸುಬು ಗೊತ್ತಿರಲಿಲ್ಲ. ಅವನು ಒಂದು ಸೇಬು ಎತ್ತಿಕೊಂಡು ಬೆಳಕಿಗೆ ಹಿಡಿದ, ಒಂದು ಕಣ್ಣು ಮುಚ್ಚಿ ನೋಡಿದ, ಕೆಳಗಿಟ್ಟ. ಇನ್ನೊಂದು ಎತ್ತಿದ, ಉಗುರಿನಲ್ಲಿ ತಟ್ಟಿದ, ಅದನ್ನೂ ಇಟ್ಟ.

“ಯಾಕಣ್ಣ, ಏನಾಗಿದೆ ಅದಕ್ಕೆ?”

“ಈ ಕಡೆ ಕೆಂಪು ಜಾಸ್ತಿಯಾಗಿದೆ. ಆ ಕಡೆ ಬಳಿಯೋದನ್ನೇ ಮರೆತಿದ್ದಾರೆ.”

“ಬಳಿಯೋದಾ?!”

“ಇದರ ತೊಟ್ಟು ನೋಡಿ, ಸೊಟ್ಟ. ಇದರಲ್ಲಿ ಮಚ್ಚೆ. ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಕ್ಕಾ. ನಿಮ್ಮ ಸೇಬು ಸೇಬಿನ ಹಾಗೇ ಇಲ್ಲ.”

ಹಣ್ಣಿನಕ್ಕ ಸೊಂಟಕ್ಕೆ ಕೈಯಿಟ್ಟಳು. “ಸೇಬಿನ ಹಾಗಿಲ್ದೆ ಇನ್ನೇನು, ನಿಮ್ಮ ಭಾವಮೈದುನನ ಹಾಗಿದೆಯಾ? ನನ್ನ ಜೀವಮಾನದಲ್ಲಿ ಸೇಬಿಗೆ ಮೂಗು ಸರಿಯಿಲ್ಲ ಅಂದ ಗಿರಾಕಿನ ನೋಡಿರಲಿಲ್ಲ. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ದಾರಿ ಬಿಡಿ!”

ಮೇಣಪ್ಪ ಇದ್ದುದರಲ್ಲಿ ‘ನಮ್ಮ ಸೇಬನ್ನು ಹೋಲುವ’ ಒಂದಿಷ್ಟನ್ನು ಆರಿಸಿ ತಂದ. ನಿಜವಾದವನ್ನು ಬಿಳಿ ಬುಟ್ಟಿಯಲ್ಲಿಟ್ಟ, ಮೇಣದವನ್ನು ನೀಲಿ ಬುಟ್ಟಿಯಲ್ಲಿಟ್ಟ. ಬೆಳಿಗ್ಗೆ ಎದ್ದು ಕೆಳಗೆ ನೀಲಿಯದು, ಮೇಲೆ ಬಿಳಿಯದು ಎಂದು ಜೋಡಿಸುವುದು ಅವನ ಲೆಕ್ಕಾಚಾರ.

ಆದರೆ ಬೆಳಿಗ್ಗೆ ಅವನಿಗಿಂತ ಮೊದಲು ತಾಯಿ ಎದ್ದಳು. ಮನೆಗೆ ದೊಡ್ಡವರು ಬರುತ್ತಾರೆಂದು ಆ ಮುದುಕಿಗೆ ಎಲ್ಲಿಲ್ಲದ ಸಡಗರ ಹುಟ್ಟಿತು. ಎರಡೂ ಬುಟ್ಟಿಗಳನ್ನು ಮೇಜಿನ ಮೇಲೆ ಸುರಿದು, ಒಂದೊಂದು ಹಣ್ಣನ್ನೂ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿ, ದೊಡ್ಡದು ಹಿಂದೆ ಚಿಕ್ಕದು ಮುಂದೆ ಎಂದು ಶಾಲೆಯ ಗುಂಪು ಫೋಟೋದ ಹಾಗೆ ಜೋಡಿಸಿಟ್ಟಳು.

ಮೇಣಪ್ಪ ಬಂದು ನೋಡಿದವನು ಕಂಬದ ಹಾಗೆ ನಿಂತ.

“ಅಮ್ಮಾ! ಇದರಲ್ಲಿ ನಿಜವಾದದ್ದು ಯಾವುದು?”

“ಅದನ್ನ ನನ್ನ ಕೇಳ್ತೀಯಲ್ಲೋ. ಮಾಡಿದೋನು ನೀನು!”

ಅವನು ಒಂದು ಸೇಬು ಎತ್ತಿದ. ತೂಕ ಸರಿಯಾಗಿತ್ತು. ಇನ್ನೊಂದು ಎತ್ತಿದ. ಅದರದ್ದೂ ಸರಿಯಾಗಿತ್ತು, ಮರಳನ್ನು ಅವನು ಅಷ್ಟು ಮುತುವರ್ಜಿಯಿಂದ ತುಂಬಿದ್ದ. ಮೂಸಿ ನೋಡಿದರೆ ಮನೆಗೆ ಮನೆಯೇ ಮೇಣ, ವಾರ್ನಿಷ್ ವಾಸನೆ, ಮೂಗು ಎಂದೋ ಕೆಲಸ ಬಿಟ್ಟಿತ್ತು. ಕಸುಬುದಾರನಿಗೆ ತನ್ನ ಕಸುಬೇ ಗುರುತು ಸಿಗದಿದ್ದರೆ ಅದಕ್ಕಿಂತ ದೊಡ್ಡ ಬಿರುದುಂಟೇ? ಎದೆ ಹೆಮ್ಮೆಯಿಂದ ಉಬ್ಬಿತು, ಹೊಟ್ಟೆ ಭಯದಿಂದ ಕುಗ್ಗಿತು. ಉಗುರಿನಿಂದ ಗೀಚಿ ನೋಡೋಣವೆಂದು ಕೈ ಎತ್ತುವಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಅಧಿಕಾರಿಣಿ ಮುಂದೆ, ಮೇಷ್ಟ್ರು ಹಿಂದೆ. ಮೇಜು ನೋಡಿದವರೇ ಅಧಿಕಾರಿಣಿ ಎರಡೂ ಕೈ ಎದೆಗಿಟ್ಟುಕೊಂಡರು. “ಅಬ್ಬಾ! ಫೋಟೋದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿದೆ! ನೀವೆಲ್ಲ ದಿನಾ ಹೇಗೆ ಕೂತ್ಕೊತೀರೋ ಹಾಗೇ ಕೂತ್ಕೊಳ್ಳಿ. ನಾವಿದ್ದೀವಿ ಅಂತ ಸಂಕೋಚ ಬೇಡ.”

ದಿನಾ ಕೂರುವ ಹಾಗೆ! ನಾಲ್ಕು ಜನ, ನಾಲ್ಕು ಕುರ್ಚಿ. ಮೇಣಪ್ಪ ಮತ್ತು ಹೆಂಡತಿ ಒಂದೇ ಕುರ್ಚಿಗೆ ನುಗ್ಗಿ ಡಿಕ್ಕಿ ಹೊಡೆದರು. ಅಭ್ಯಾಸಬಲದಿಂದ ಹೆಂಡತಿ ತಟ್ಟೆ ಹಿಡಿದು ನಿಂತೇ ಇದ್ದಳು, ಗಂಡ ಕಣ್ಣು ಮಿಟುಕಿಸಿದ ಮೇಲೆ ಕೂತಳು. ತಾಯಿ ಟಿ.ವಿ. ಎಲ್ಲಿದೆಯೆಂದು ಹುಡುಕುತ್ತಾ ಗೋಡೆಯ ಕಡೆ ಮುಖ ಮಾಡಿ ಕೂತಳು.

“ಅಪ್ಪಾ, ನಾನೆಲ್ಲಿ ಕೂತ್ಕೊಳ್ಳಲಿ?” ಎಂದಳು ಪುಟ್ಟಿ.

“ನಿನ್ನ ಜಾಗದಲ್ಲೇ ಕಣಮ್ಮಾ!” ಮೇಣಪ್ಪ ಹಲ್ಲು ಕಚ್ಚಿ ನಕ್ಕ.

“ದಿನಾ ಜಾಗ ಬದಲಾಯಿಸ್ತೀವಿ,” ಹೆಂಡತಿ ಹರಿದು ಕೊಟ್ಟಳು. “ಬೇಜಾರಾಗಬಾರದಲ್ಲ. ಮುಂದೆ?”

ಅಧಿಕಾರಿಣಿ ಮುದುಕಿಯ ಕಡೆ ಬಾಗಿದರು. “ಅಜ್ಜೀ, ಟಿ.ವಿ. ನೋಡ್ತಾ ಊಟ ಮಾಡೋ ಅಭ್ಯಾಸ ಇದೆಯಾ?”

“ಛೆ ಛೆ, ಎಲ್ಲಾದ್ರೂ ಉಂಟಾ ತಾಯಿ? ಊಟ ಮಾಡ್ತಾ ಟಿ.ವಿ. ನೋಡ್ತೀನಿ, ಅಷ್ಟೇ.”

ಅಧಿಕಾರಿಣಿಗೆ ಅದು ಅರ್ಥವಾಗುವ ಮೊದಲೇ ಮೇಣಪ್ಪ ಜೋರಾಗಿ ಕೆಮ್ಮಿದ. ಅವರು ಪುಟ್ಟಿಯ ಕಡೆ ತಿರುಗಿದರು. “ಸರಿ, ಈಗ ನೀನು ದಿನಾ ತಗೊಳ್ಳೋ ಹಾಗೆ ಒಂದು ಹಣ್ಣು ತಗೋಮ್ಮಾ.”

ಪುಟ್ಟಿ ಅಪ್ಪನನ್ನು ನೋಡಿದಳು, ಹಣ್ಣನ್ನು ನೋಡಿದಳು, ಮೆಲ್ಲಗೆ ಕೈ ಚಾಚಿದಳು. ಆ ಕೈ ಸೇಬಿನ ಹತ್ತಿರ ಹೋಯಿತೋ ಇಲ್ಲವೋ, ಮೇಣಪ್ಪನ ಗಂಟಲಿನಿಂದ, ಅವನ ಅಪ್ಪಣೆಯನ್ನೂ ಕೇಳದೆ, ಹಳೆಯ ಗುಡುಗು ಹೊರಬಿತ್ತು:

“ಮುಟ್ಟಬೇಡ!”

ಪುಟ್ಟಿ ಕೆಂಡ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು. ಮೇಷ್ಟ್ರ ಹುಬ್ಬು ಮೇಲೇರಿತು.

“ಅಂದ್ರೆ... ಕೈ ತೊಳೆದು ಮುಟ್ಟು ಅಂತ,” ಮೇಣಪ್ಪ ತೊದಲಿದ.

“ಎಂಥ ಶಿಸ್ತು!” ಅಧಿಕಾರಿಣಿ ಮೆಚ್ಚಿ ತಲೆದೂಗಿದರು. “ಹೋಗಿ ತೊಳ್ಕೊಂಡು ಬಾಮ್ಮಾ. ಮೇಷ್ಟ್ರೇ, ಅಷ್ಟರಲ್ಲಿ ನೀವು ಶುರು ಮಾಡಿ.”

ಬೆಳಿಗ್ಗೆಯಿಂದ ಮೈದಾನ ಸುತ್ತಿ ಬಂದಿದ್ದ ಮೇಷ್ಟ್ರಿಗೆ ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ. ಮುಂದಿನ ಸಾಲಿನಲ್ಲಿ ಎಲ್ಲಕ್ಕಿಂತ ಚೆಂದವಾಗಿ ಹೊಳೆಯುತ್ತಿದ್ದ ಸೇಬನ್ನು ಎತ್ತಿಕೊಂಡು, ಅಂಗಿಗೆ ಒಮ್ಮೆ ಒರೆಸಿ, ಬಾಯಿ ತುಂಬ ಕಚ್ಚಿದರು. ಎಲ್ಲಕ್ಕಿಂತ ಚೆಂದವಾಗಿತ್ತೆಂದರೆ ಅದು ಯಾರು ಮಾಡಿದ್ದಿರಬೇಕೆಂದು ಬೇರೆ ಹೇಳಬೇಕಿಲ್ಲ.

ಮೇಣಪ್ಪ ಕಣ್ಣು ಮುಚ್ಚಿಕೊಂಡ.

ಮೇಷ್ಟ್ರು ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು. ಕರಕರ ಎಂದು ಸದ್ದು ಬಂತು. ಪರರ ಮನೆಯಲ್ಲಿ ಬಾಯಿಗಿಟ್ಟದ್ದನ್ನು ಉಗುಳಬಾರದು ಎಂಬ ಶಿಸ್ತಿನವರು ಅವರು.

“ಸ್ವಲ್ಪ... ಗಟ್ಟಿ,” ಎಂದರು.

“ಸಿಪ್ಪೆಯಲ್ಲೇ ಇರೋದು ಮೇಷ್ಟ್ರೇ ಸತ್ವ ಎಲ್ಲ! ಚೆನ್ನಾಗಿ ಅಗಿರಿ,” ಎಂದರು ಅಧಿಕಾರಿಣಿ.

ಮೇಷ್ಟ್ರು ಚೆನ್ನಾಗಿ ಅಗಿದರು. ಎಷ್ಟು ಅಗಿದರೂ ಅದು ಕಡಿಮೆಯಾಗುವ ಬದಲು ಹಲ್ಲುಗಳನ್ನೇ ಒಂದಕ್ಕೊಂದು ಅಂಟಿಸತೊಡಗಿತು. ಅವರ ಮುಖ ಮೊದಲು ಕೆಂಪಾಗಿ, ಆಮೇಲೆ ಮೇಣಪ್ಪನ ಡಬ್ಬಿಗಳಲ್ಲಿಯೂ ಇಲ್ಲದ ಒಂದು ಬಣ್ಣಕ್ಕೆ ತಿರುಗಿತು. ಸಹಾಯಕ್ಕೆ ಯಾರನ್ನಾದರೂ ಕರೆಯೋಣವೆಂದು ಸೀಟಿಯನ್ನು ಬಾಯಿಗಿಟ್ಟು ಊದಿದರು. ಸೀಟಿಯಲ್ಲೂ ಮೇಣ ತುಂಬಿ, ‘ಪುಸ್’ ಎಂದು ಒಂದಿಷ್ಟು ಮರಳು ಮಾತ್ರ ಹೊರಬಂತು.

ಅಧಿಕಾರಿಣಿ ಮುಂದೆ ಬಂದು, ಅವರ ಕೈಯಿಂದ ಸೇಬು ಕಿತ್ತುಕೊಂಡು ಉಗುರಲ್ಲಿ ಗೀಚಿದರು. “ಮೇಣ! ಹೊಳಪು ಬರಲಿ ಅಂತ ವ್ಯಾಪಾರಿಗಳು ಸೇಬಿಗೆ ಮೇಣ ಸವರ್ತಾರೆ ಅಂತ ಕೇಳಿದ್ದೆ. ಇದು ಸವರಿದ್ದಲ್ಲ, ಒಳಗೂ ತುಂಬಿದ್ದಾರೆ! ಸಾಲದ್ದಕ್ಕೆ ಮರಳು ಬೇರೆ! ಎಂಥ ಕಲಬೆರಕೆ ಇದು! ಎಳೇ ಮಕ್ಕಳಿಗೆ ಇದನ್ನ ತಿನ್ನಿಸ್ತಿದ್ದಾರಲ್ಲ! ಹೇಳಿ, ಯಾರ ಹತ್ರ ತಂದ್ರಿ?”

ಇದು ಮೇಣಪ್ಪನಿಗೆ ದೇವರು ಕೊಟ್ಟ ಎರಡನೆಯ ಅವಕಾಶ. ಅದನ್ನೂ ಅವನು ಕೈಬಿಡಲಿಲ್ಲ, ಹಾಳು ಮಾಡಿದ. ಅವನ ಬೆರಳು ತಾನಾಗಿಯೇ ಎದ್ದು ಕಿಟಕಿಯ ಹೊರಗೆ, ಬೀದಿಯ ಕೊನೆಯ ಕಡೆ ತೋರಿಸಿತು.

ಮೇಷ್ಟ್ರು ಬಾಣದಂತೆ ಹೊರಟರು. ಬಾಯಿ ಅಂಟಿಕೊಂಡಿದ್ದರಿಂದ ಹಣ್ಣಿನಕ್ಕನ ಮುಂದೆ ನಿಂತು ಕೈಸನ್ನೆಯಲ್ಲೇ ಬೈದರು. ಆಕೆಗೆ ಒಂದೂ ತಿಳಿಯಲಿಲ್ಲ, ಮೂಕನೊಬ್ಬ ಹಣ್ಣು ಕೇಳುತ್ತಿದ್ದಾನೆಂದು ಒಂದು ಬಾಳೆಹಣ್ಣು ಕೊಟ್ಟಳು. ಆಮೇಲೆ ಅವರು ಮನೆಯ ಕಡೆ ತೋರಿಸಿದ್ದನ್ನು ಕಂಡು, ಬುಟ್ಟಿ ಸೊಂಟಕ್ಕೇರಿಸಿಕೊಂಡು ಹಿಂದೆಯೇ ಬಂದಳು. ಇಷ್ಟು ಸಾಕಾಯಿತು, ಕಿಟಕಿಯ ಹೊರಗೆ ಬೀದಿಗೆ ಬೀದಿಯೇ ನೆರೆಯಿತು.

“ಏನಾಯ್ತಂತೆ?”

“ಮೇಣಪ್ಪನ ಮನೇಲಿ ಮೇಷ್ಟ್ರು ಹಣ್ಣು ತಿಂದರಂತೆ.”

“ಅಯ್ಯೋ! ಆ ಮನೇಲಿ ಹಣ್ಣು ತಿಂದ್ರಾ? ಬದುಕಿದಾರಾ?”

“ನಡೀತಿದಾರೆ. ಮಾತು ನಿಂತಿದೆಯಂತೆ.”

ಹಣ್ಣಿನಕ್ಕ ಒಳಗೆ ಬಂದು ಮೇಣಪ್ಪನ ಮುಖ ನೋಡಿದ್ದೇ ತಡ, ಬುಟ್ಟಿಯನ್ನು ದಡಕ್ಕನೆ ಕೆಳಗಿಟ್ಟಳು. “ಓಹೋ, ಇವರಾ! ಸೇಬಿನ ಮೂಗು ಸರಿಯಿಲ್ಲ ಅಂದೋರು!”

“ನೋಡಮ್ಮಾ, ನೀನು ಮಾರಿದ ಸೇಬು ಇದು,” ಎಂದು ಅಧಿಕಾರಿಣಿ ಮೇಷ್ಟ್ರ ಹಲ್ಲಿನ ಗುರುತಿದ್ದ ಸೇಬನ್ನು ಹಿಡಿದರು.

ಹಣ್ಣಿನಕ್ಕ ಅದನ್ನು ತಿರುಗಿಸಿ ನೋಡಿದಳು. “ಇದಾ? ಇದಕ್ಕೆ ಒಂದು ಮಚ್ಚೆ ಇಲ್ಲ, ಸೊಟ್ಟ ಇಲ್ಲ. ಇಷ್ಟು ಚೆಂದದ ಸೇಬು ಭೂಮಿ ಮೇಲೆ ಬೆಳೆಯಲ್ಲ ತಾಯಿ. ನಂದಂತೂ ಅಲ್ವೇ ಅಲ್ಲ.” ಹೀಗೆಂದು ಅದನ್ನು ನೆಲಕ್ಕೆ ಕುಕ್ಕಿದಳು. ಸೇಬು ಎರಡು ಹೋಳಾಗಿ ಮರಳು ಚೆಲ್ಲಿತು.

“ಅಯ್ಯೋ ನನ್ನ ಸೇಬು!” ಎಂದ ಮೇಣಪ್ಪ.

ಬಾಯಿ ಬಿಟ್ಟರೆ ಬಣ್ಣಗೇಡು. ‘ನನ್ನ’ ಎಂಬ ಒಂದೇ ಮಾತಿನಲ್ಲಿ ಎಲ್ಲ ಬಯಲಾಯಿತು. ಮಿಕ್ಕದ್ದನ್ನು ಕಿಟಕಿಯ ಹೊರಗಿನವರು ವಿವರಿಸಿದರು, ನೊಣದ ಕಥೆಯ ಸಮೇತ.

ಅಧಿಕಾರಿಣಿ ಕುರ್ಚಿಗೆ ಕುಸಿದರು. “ಹಾಗಾದ್ರೆ ಈ ಹುಡುಗಿ ಯಾವತ್ತೂ...”

“ಯಾವತ್ತೂ ಇಲ್ಲ,” ಎಂದಳು ಪುಟ್ಟಿ. ಕೈ ತೊಳೆದುಕೊಂಡು ಬಂದವಳು ಒದ್ದೆ ಕೈಯಲ್ಲೇ ಬಾಗಿಲ ಬಳಿ ನಿಂತಿದ್ದಳು. “ಎಲ್ಲರೂ ನನಗೆ ಹಣ್ಣು ಸೇರಲ್ಲ ಅಂತಾರೆ. ಸೇರುತ್ತೋ ಇಲ್ವೋ ನಂಗೇ ಗೊತ್ತಿಲ್ಲ. ಚಿಕ್ಕವಳಿದ್ದಾಗಿಂದ ಕೈ ಚಾಚಿದ್ರೆ ಸಾಕು, ಮುಟ್ಟಬೇಡ ಅಂತ. ಈಗ ಬೇರೆಯವರ ಮನೇಲಿ ಹಣ್ಣು ಕೊಟ್ರೂ ಕೈ ಹೋಗಲ್ಲ. ಒಟ್ಟಿಗೆ ಕೂರೋಣ ಅಂದ್ರೆ ಮೇಜಲ್ಲಿ ಜಾಗ ಇಲ್ಲ. ಅದಕ್ಕೇ ಮೆಟ್ಟಿಲ ಮೇಲೆ ಕೂತು ಚಿಪ್ಸ್ ತಿಂತೀನಿ. ಅದನ್ನ ಮುಟ್ಟಬೇಡ ಅಂತ ಯಾರೂ ಅನ್ನಲ್ಲ.” ಆಮೇಲೆ ಮೇಷ್ಟ್ರ ಕಡೆ ತಿರುಗಿ, “ಸರ್, ಬೇರೆಯವರನ್ನೇ ಹಾಕಿ,” ಎಂದಳು.

ನೊಣಕ್ಕೆ ಮೋಸವಾದದ್ದನ್ನು ಊರೆಲ್ಲ ಸಾರಿದ ಮೇಣಪ್ಪ ತನ್ನ ಮನೆಯೊಳಗೇ ಯಾರಿಗೆ ಮೋಸವಾಗುತ್ತಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಮೊದಲು ಮಾತಾಡಿದ್ದು ಹಣ್ಣಿನಕ್ಕ. ಬುಟ್ಟಿಯನ್ನು ಕಾಲಿನಿಂದ ಪುಟ್ಟಿಯ ಕಡೆ ತಳ್ಳಿದಳು. “ತಗೋ ಮಗಳೇ. ನಮ್ಮದು ಬಣ್ಣ ಒಣಗಿಯೇ ಬರೋದು.”

ಪುಟ್ಟಿ ಕೈ ಚಾಚಲಿಲ್ಲ, ಅಪ್ಪನನ್ನು ನೋಡಿದಳು. ಮೇಣಪ್ಪ ಮುಂದೆ ಬಂದು ಬುಟ್ಟಿಯಿಂದ ಒಂದು ಸೇಬು ತೆಗೆದ. ಒಂದು ಕಡೆ ಕೆಂಪು ಜಾಸ್ತಿ, ತೊಟ್ಟು ಸೊಟ್ಟ, ನಡುವೆ ಮಚ್ಚೆ. ಅದನ್ನು ಕಚ್ಚಿದ. ರಸ ಗದ್ದದ ಮೇಲೆ ಇಳಿಯಿತು. ಲೋಕಕ್ಕೆಲ್ಲ ಸೇಬು ಮಾಡಿಕೊಟ್ಟವನು ತಾನು ಒಂದು ಸೇಬು ತಿಂದು ಎಷ್ಟು ಕಾಲವಾಯಿತೆಂದು ಅವನಿಗೇ ನೆನಪಿರಲಿಲ್ಲ.

“ನಿಜವಾದದ್ದೇ ಕಣೇ,” ಎಂದು ಕಚ್ಚಿದ ಸೇಬನ್ನು ಮಗಳ ಕೈಗೆ ಕೊಟ್ಟ. “ಮುಟ್ಟು.”

ಪುಟ್ಟಿ ಒಂದು ತುಣುಕು ಕಚ್ಚಿ ಬಾಯಲ್ಲಿಟ್ಟುಕೊಂಡು ಯೋಚಿಸಿದಳು. ಆಮೇಲೆ ಯೋಚಿಸುವುದನ್ನು ಬಿಟ್ಟು ತಿಂದಳು. ಹೆಂಡತಿ ತೋಳಿನಿಂದ ಮೇಜಿನ ಮೇಲಿನದೆಲ್ಲವನ್ನೂ ಒಂದು ಕಡೆಗೆ ಗುಡಿಸಿ, “ಜಾಗ ಇದೆ. ಮುಂದೆ!” ಎಂದಳು. ಅಜ್ಜಿ ದಿಂಬಿನಡಿಯ ಪೊಟ್ಟಣವನ್ನು ತಂದು ಮೇಜಿನ ಮೇಲಿಟ್ಟು ತನ್ನ ಪಾಲಿನ ತ್ಯಾಗ ಮಾಡಿದಳು, ಅದರಲ್ಲಿ ಬಿಸ್ಕತ್ತು ಇರಲಿಲ್ಲ ಎನ್ನುವುದು ಬೇರೆ ಮಾತು. ಹಣ್ಣಿನಕ್ಕನೂ ಕೂತಳು, ಅಧಿಕಾರಿಣಿಯೂ ಕೂತರು. ಎಲ್ಲರ ಭುಜಕ್ಕೆ ಭುಜ ತಾಗುತ್ತಿತ್ತು.

ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಕೊನೆಗೆ ಮೇಷ್ಟ್ರಿಗೆ ಮಾತು ಬಂತು. “ಓಟದ ದಿನದವರೆಗೂ ಹೀಗೇ ತಿಂದ್ರೆ ಓಡಲಿ. ದಿನಾ ಬೆಳಿಗ್ಗೆ ನಾನೇ ಬಂದು ನೋಡ್ತೀನಿ. ನೋಡ್ತೀನಿ ಅಷ್ಟೇ! ಈ ಮನೇಲಿ ಇನ್ನೊಂದು ಸಾರಿ ಬಾಯಿ ತೆರೆದ್ರೆ ಕೇಳಿ!”

ಅಂದಿನಿಂದ ಮೇಣದ ಹಣ್ಣುಗಳು ಮೇಜು ಬಿಟ್ಟು ಅಜ್ಜಿಯ ಟಿ.ವಿ. ಮುಂದೆ ಒಣಗತೊಡಗಿದವು. ಧಾರಾವಾಹಿಯ ನಾಯಕಿಯ ಮುಖಕ್ಕೆ ಕಲ್ಲಂಗಡಿ ಅಡ್ಡ ಬಂದದ್ದರಿಂದ ಅಜ್ಜಿಯೂ ಮೇಜಿಗೆ ಬಂದು ಕೂತಳು. ಹೆಂಡತಿ ಕೂತು ತಿನ್ನುವುದನ್ನು ಕಲಿತಳು. ಮೊದಲೆರಡು ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಏನು ಮಾತಾಡಬೇಕೋ ತಿಳಿಯದೆ ಒದ್ದಾಡಿದರು, ಆಮೇಲೆ ಜಗಳವಾಡಲು ಶುರುಮಾಡಿ ಸರಿಹೋದರು. ಮೇಣಪ್ಪನಿಗೆ ಮಾತ್ರ ಮಗಳ ಕೈ ಹಣ್ಣಿನ ಕಡೆ ಹೋದಾಗಲೆಲ್ಲ ಗಂಟಲಿನಲ್ಲಿ ಗುಡುಗು ಏಳುತ್ತಿತ್ತು. ಅದು ಹೊರಬರದ ಹಾಗೆ ಬಾಯಿಗೆ ಬಾಳೆಹಣ್ಣು ತುರುಕಿಕೊಳ್ಳುತ್ತಿದ್ದ. ಹೀಗೆ ಅವನ ಆರೋಗ್ಯವೂ ಸುಧಾರಿಸಿತು.

ಓಟದ ದಿನ ಬಂತು. ಎರಡು ಸೇಬನ್ನು ಚೀಲಕ್ಕೆ ಹಾಕಿಕೊಂಡು ಮೇಣಪ್ಪ ಬೇಲಿಯ ಪಕ್ಕ ಜಾಗ ಹಿಡಿದ. ಕೋಲು ಪುಟ್ಟಿಯ ಕೈಗೆ ಬಂದಾಗ ಅವಳ ಮುಂದೆ ಮೂವರಿದ್ದರು. ಅವಳು ಬೀಳಲಿಲ್ಲ, ಬಾಗಲಿಲ್ಲ, ಹಿಂದೆ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿದಳು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ಮೇಣಪ್ಪ ಬೇಲಿ ಹಿಡಿದು ಎಷ್ಟು ಕುಣಿದನೆಂದರೆ ಬೇಲಿಯೂ ಒಂದಿಷ್ಟು ದೂರ ಅವನ ಜೊತೆ ಓಡಿತು. ಮೂರನೆಯವಳನ್ನು ದಾಟಲು ಒಂದು ಹೆಜ್ಜೆ ಉಳಿದಿರುವಾಗ ಗೆರೆ ಬಂದುಬಿಟ್ಟಿತು. ಎರಡನೆಯ ಸ್ಥಾನ. ಮೇಷ್ಟ್ರು ಹೊಸ ಸೀಟಿಯನ್ನು ಎಡೆಬಿಡದೆ ಊದಿದರು.

ಪುಟ್ಟಿ ನೇರವಾಗಿ ಅಪ್ಪನ ಬಳಿ ಬಂದಳು. ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ, ಏದುಸಿರುಬಿಡುತ್ತಾ ಹೇಳಿದಳು:

“ಅಪ್ಪಾ, ಹಸಿವು!”

ಮೇಣಪ್ಪನಿಗೆ ಚಿನ್ನದ ಪದಕ ಕೊಟ್ಟಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ಆ ಮನೆಯಲ್ಲಿ ಆ ಹುಡುಗಿಯ ಬಾಯಿಂದ ಆ ಮಾತನ್ನು ಅವನು ಕೇಳಿರಲೇ ಇಲ್ಲ. ಸಂಭ್ರಮದಿಂದ ಚೀಲಕ್ಕೆ ಕೈಹಾಕಿ ಸೇಬು ತೆಗೆದ. ಮೊದಲು ತಾನು ಕಚ್ಚಿ ನೋಡಿಯೇ ಮಗಳಿಗೆ ಕೊಡುವುದು ಆಗ ಅವನ ಪದ್ಧತಿಯಾಗಿತ್ತು. ಬಾಯಿ ತುಂಬ ಕಚ್ಚಿದ.

ಕರಕರ ಎಂದಿತು.

ಬೆಳಗಿನ ಗಡಿಬಿಡಿಯಲ್ಲಿ ಒಂದು ಸೇಬು ಮೇಜಿನಿಂದ, ಇನ್ನೊಂದು ಟಿ.ವಿ. ಮುಂದಿನಿಂದ ಬಂದಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮೇಣಪ್ಪ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ ಅಗಿದ, ನುಂಗಿದ, ಆ ಸೇಬನ್ನು ಸದ್ದಿಲ್ಲದೆ ಜೇಬಿಗೆ ಇಳಿಸಿದ. ಇನ್ನೊಂದನ್ನು ತೆಗೆದು ಕಚ್ಚಿದ, ರಸ ಬಂತು. ಮಗಳಿಗೆ ಕೊಟ್ಟ.

ಪುಟ್ಟಿ ದೊಡ್ಡದೊಂದು ತುಂಡು ಕಚ್ಚಿಕೊಂಡು, ಅಗಿಯುತ್ತಲೇ ಅಪ್ಪನ ಮುಖವನ್ನು ದಿಟ್ಟಿಸಿ ನೋಡಿದಳು. ಅವನ ತುಟಿ, ಹಲ್ಲು, ಗದ್ದ ಎಲ್ಲ ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಒರೆಸೋಣವೆಂದು ಅವಳು ಕೈ ಚಾಚಿದಳು.

ಮೇಣಪ್ಪ ಒಂದು ಹೆಜ್ಜೆ ಹಿಂದೆ ಸರಿದ.

“ಮುಟ್ಟಬೇಡ,” ಎಂದ, ಅಂಟಿಕೊಂಡ ಹಲ್ಲುಗಳ ನಡುವಿನಿಂದ. “ಬಣ್ಣ ಇನ್ನೂ ಹಸಿ.”